ಹ್ಯಾಮರ್‌ಫೆಲ್ ಕನ್ಫರ್ಮ್ ಆಯ್ತಾ ಮಾವ?

ಗೆಳೆಯರೇ, ಈ ಪುಟದಲ್ಲಿ ಕಂಪ್ಯೂಟರ್ ಗೇಮ್ ಬಗ್ಗೆ ಬರಹ ಅಂದರೆ ಕೆಲವರಿಗೆ "ಇವನಿಗೆ ಬೇರೆ ಕೆಲಸ ಇಲ್ವಾ" ಅನ್ನಿಸಬಹುದು. ಪೂರ್ತಿ ಓದಿ, ಆಮೇಲೆ ಬಯ್ಯಿರಿ.

ಹೋದ ತಿಂಗಳು ಒಂದು ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗ ಪ್ಲಸ್ ಟು ಓದುತ್ತಿದ್ದಾನೆ. ನಾನು ಚಪ್ಪಲಿ ಕಳಚುವ ಮೊದಲೇ ಓಡಿ ಬಂದ. "ಮಾವ, ಹ್ಯಾಮರ್‌ಫೆಲ್ ಕನ್ಫರ್ಮ್ ಆಯ್ತು, ಗೊತ್ತುಂಟಾ?" ಯಾರು ಹೇಳಿದ್ದು ಮಾರಾಯ ಅಂತ ಕೇಳಿದೆ. "ಗ್ರೂಪಿನಲ್ಲಿ ಬಂದಿದೆ." ಊಟ ಆದ ಮೇಲೆ ಪಕ್ಕಕ್ಕೆ ಬಂದು ಸಣ್ಣ ದನಿಯಲ್ಲಿ ಉಳಿದದ್ದನ್ನು ಹೇಳಿದ. ಬಿಡುಗಡೆಗೆ ಮೊದಲೇ ಆಡುವುದಕ್ಕೆ ಕೋಡ್ ಕೊಡುತ್ತೇವೆ ಅಂತ ಆ ಗ್ರೂಪಿನಲ್ಲಿ ಯಾರೋ ಹೇಳಿದ್ದಾರೆ. ಇವನು 1,500 ರೂಪಾಯಿ ಯುಪಿಐ ಮಾಡಿದ್ದಾನೆ. ಹಬ್ಬಕ್ಕೆ ಅಜ್ಜ, ದೊಡ್ಡಪ್ಪ ಕೊಟ್ಟ ದುಡ್ಡು. ಕೋಡ್ ಬರಲಿಲ್ಲ, ಗ್ರೂಪಿನಿಂದ ಇವನನ್ನೇ ತೆಗೆದು ಹಾಕಿದ್ದಾರೆ. ನನಗೆ ಹೇಳುವಾಗ ಹನ್ನೆರಡು ದಿನ ಕಳೆದಿತ್ತು.

ನಾನು ಬ್ಯಾಂಕಿನಲ್ಲಿ ಕ್ಲರ್ಕ್. ದಿನಕ್ಕೆ ಹತ್ತು ಜನರಿಗೆ "ಒಟಿಪಿ ಹೇಳಬೇಡಿ, ಗೊತ್ತಿಲ್ಲದವರಿಗೆ ದುಡ್ಡು ಹಾಕಬೇಡಿ" ಅಂತ ಹೇಳುವವನು. ನನ್ನ ಅಕ್ಕನ ಮಗನೇ ಹೀಗೆ ಮೋಸ ಹೋದ. ಅವನ ಮೇಲೆ ಸಿಟ್ಟು ಬರಲಿಲ್ಲ, ಯಾಕೆಂದರೆ ಅವನಿಗೆ ಈ ಗೇಮಿನ ಹುಚ್ಚು ಹಿಡಿಸಿದ್ದು ನಾನೇ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಅಮೆರಿಕದ ಬೆಥೆಸ್ಡಾ ಕಂಪನಿಯ 'ಎಲ್ಡರ್ ಸ್ಕ್ರೋಲ್ಸ್' ಎಂಬ ಸರಣಿ 1994ರಲ್ಲಿ ಶುರುವಾಯಿತು. ಟ್ಯಾಮ್ರಿಯೆಲ್ ಎಂಬ ಕಲ್ಪನೆಯ ಖಂಡ, ಅದರಲ್ಲಿ ಬೇರೆ ಬೇರೆ ಪ್ರಾಂತ್ಯಗಳು, ಬೇರೆ ಬೇರೆ ಜನ. ನಾವು ಒಂದು ಪಾತ್ರವಾಗಿ ಒಳಗೆ ಹೋಗಿ ಬೇಕಾದ ದಿಕ್ಕಿಗೆ ನಡೆಯಬಹುದು. ಇಂಥ ದಾರಿಯಲ್ಲೇ ಹೋಗಬೇಕು ಅಂತ ಇಲ್ಲ. ಐದನೆಯ ಗೇಮ್ 'ಸ್ಕೈರಿಮ್' 2011ರ ನವೆಂಬರ್ 11ಕ್ಕೆ ಬಂತು. ಆಗ ನಾನು ಬಿಕಾಂ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ. ಗೆಳೆಯನ ಮನೆಯ ಹಳೆ ಕಂಪ್ಯೂಟರಿನಲ್ಲಿ, ಕರೆಂಟ್ ಇದ್ದಾಗ ಆಡಿದ್ದು. 2023ರಲ್ಲಿ ಕಂಪನಿಯ ಟಾಡ್ ಹೊವಾರ್ಡ್ ಹೇಳಿದ ಲೆಕ್ಕದಂತೆ ಅದು 6 ಕೋಟಿಗಿಂತ ಹೆಚ್ಚು ಮಾರಾಟವಾಗಿದೆ.

ಆರನೆಯದು ಬರುತ್ತದೆ ಅಂತ 2018ರ ಜೂನ್‌ನಲ್ಲಿ ಹೇಳಿದರು. ತೋರಿಸಿದ್ದು ಅರ್ಧ ನಿಮಿಷಕ್ಕಿಂತ ಸ್ವಲ್ಪ ಹೆಚ್ಚಿನ ಒಂದು ತುಣುಕು. ಬಂಡೆಗಳ ಬೆಟ್ಟ, ಮಂಜು, ದೂರದಲ್ಲಿ ಸಮುದ್ರದ ಅಂಚು, ಮೇಲೆ ಹೆಸರು. ಅಷ್ಟೇ. ಊರಿನ ಹೆಸರಿಲ್ಲ, ವರ್ಷ ಇಲ್ಲ. ಆಗ ನನ್ನ ಅಳಿಯ ಪ್ರೈಮರಿ ಶಾಲೆಯಲ್ಲಿದ್ದ, ಈಗ ಮೀಸೆ ಬಂದಿದೆ. ಗೇಮ್ ಬಂದಿಲ್ಲ.

ಅಷ್ಟು ಸಣ್ಣ ತುಣುಕಿನ ಮೇಲೆ 2018ರಿಂದ ಎಷ್ಟು ಊಹೆ ಬೆಳೆದಿದೆ ಅಂದರೆ, ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅಸಲು ಕಾಸಿನಷ್ಟು, ಬಡ್ಡಿ ಮಾತ್ರ ಬೆಟ್ಟದಷ್ಟು. ಊಹೆ ಮಾಡುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಊಹೆಗೂ ದಾಖಲೆಗೂ ವ್ಯತ್ಯಾಸ ಮರೆತರೆ ಏನಾಗುತ್ತದೆ ಅಂತ ನಮ್ಮ ಮನೆಯಲ್ಲೇ ನೋಡಿದೆ.

ಬ್ಯಾಂಕಿಗೆ ಸಾಲಕ್ಕೆ ಬರುವವರು "ಸಾರ್, ಆ ದುಡ್ಡು ಬಂದೇ ಬರುತ್ತದೆ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ಮನಸಾರೆ ನಂಬಿರುತ್ತಾರೆ. ನಾವು ಮಾತ್ರ ಕಾಗದ ಕೇಳಬೇಕು. ಹಾಗೆಯೇ ನಾನು ಅಳಿಯನನ್ನು ಕೂರಿಸಿಕೊಂಡು ಒಂದು ನೋಟ್ ಪುಸ್ತಕದಲ್ಲಿ ಮೂರು ಕಾಲಂ ಎಳೆದೆ. ಒಂದಕ್ಕೆ 'ದಾಖಲೆ', ಇನ್ನೊಂದಕ್ಕೆ 'ಅಂದಾಜು', ಕೊನೆಯದಕ್ಕೆ 'ಆಸೆ'. ಗೊತ್ತಿರುವುದನ್ನೆಲ್ಲ ತುಂಬು ಅಂದೆ.

ದಾಖಲೆಯ ಕಾಲಂ ಬೇಗ ಮುಗಿಯಿತು. 2018ರ ಟೀಸರ್. 2023ರ ಜೂನ್‌ನಲ್ಲಿ ಮೈಕ್ರೋಸಾಫ್ಟಿನ ಫಿಲ್ ಸ್ಪೆನ್ಸರ್ ಅಮೆರಿಕದ ಕೋರ್ಟಿನಲ್ಲಿ ಸಾಕ್ಷಿ ಹೇಳುವಾಗ, ಇದು ಐದು ವರ್ಷಕ್ಕಿಂತಲೂ ದೂರ ಇದೆ ಎಂಬರ್ಥದಲ್ಲಿ ಹೇಳಿದ್ದು. 2024ರ ಮಾರ್ಚ್‌ನಲ್ಲಿ, ಸರಣಿಗೆ 30 ವರ್ಷ ತುಂಬಿದಾಗ, ಆರಂಭದ ಆವೃತ್ತಿಗಳನ್ನು ತಾವೇ ಆಡಿ ನೋಡುತ್ತಿದ್ದೇವೆ ಅಂತ ಕಂಪನಿ ತಿಳಿಸಿದ್ದು. ಯಾವ ಪ್ರಾಂತ್ಯ ಅಂತ ಹೇಳಿಲ್ಲ, ಯಾವ ದಿನ ಅಂತಲೂ ಹೇಳಿಲ್ಲ. ಕೋರ್ಟಿನಲ್ಲಿ ಐದು ವರ್ಷ ಅಂದಿರುವ ಗೇಮಿಗೆ ಈಗ ಯಾರೋ ಕೋಡ್ ಮಾರುತ್ತಾರೆ ಅಂದರೆ ಅದು ಎಂತದ್ದು ಅಂತ ಆ ಕಾಲಂ ನೋಡಿದರೇ ಗೊತ್ತಾಗುತ್ತದೆ. ಅಳಿಯ ತಲೆ ತಗ್ಗಿಸಿದ.

ಅಂದಾಜಿನ ಕಾಲಂ ದೊಡ್ಡದು. 2020ರ ಕೊನೆಯ ದಿನ ಕಂಪನಿಯ ಖಾತೆಯಲ್ಲಿ ಒಂದು ಚಿತ್ರ ಬಂತು. ಸ್ಕೈರಿಮ್ ನಕ್ಷೆ, ಅದರ ಮೇಲೆ ಮೇಣದಬತ್ತಿಗಳು, ಜೊತೆಗೆ ಮುಂದಿನದರ ನಕ್ಷೆ ಬರೆಯುವ ಬಗ್ಗೆ ಒಂದು ಸಾಲು. ಮೇಣದಬತ್ತಿ ಎಲ್ಲಿದೆ, ಯಾವುದು ಉರಿಯುತ್ತಿದೆ ಅಂತ ಜನ ವಾರಗಟ್ಟಲೆ ಲೆಕ್ಕ ಹಾಕಿದರು. 2021ರಲ್ಲಿ ಅದೇ ಕಂಪನಿಯ 'ಸ್ಟಾರ್‌ಫೀಲ್ಡ್' ಟ್ರೈಲರ್ ಬಂದಾಗ ನೌಕೆಯೊಳಗಿನ ಒಂದು ಗೀರನ್ನು ಹಿಗ್ಗಿಸಿ, ಇದು ಹ್ಯಾಮರ್‌ಫೆಲ್ ಮತ್ತು ಹೈ ರಾಕ್ ಪ್ರಾಂತ್ಯಗಳ ಆಕಾರ ಅಂದರು. ಟೀಸರಿನ ಬೆಟ್ಟ ಮತ್ತು ಕರಾವಳಿಯೂ ಅಲ್ಲಿಗೇ ಹೊಂದುತ್ತದೆ ಅಂದರು. ಇರಬಹುದು. ನನಗೂ ಹಾಗೇ ಅನ್ನಿಸುತ್ತದೆ.

ಆದರೆ ಅಂದಾಜು ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಉಂಟು. 2018ರಲ್ಲಿ ಬೆಥೆಸ್ಡಾದ ಮಾತೃಸಂಸ್ಥೆ 'ರೆಡ್‌ಫಾಲ್' ಎಂಬ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿತು. ಹ್ಯಾಮರ್‌ಫೆಲ್‌ನ ಜನ ರೆಡ್‌ಗಾರ್ಡ್‌ಗಳು. ರೆಡ್‌ಗಾರ್ಡ್‌ನ ರೆಡ್ ಇದೆ, ಫಾಲ್ ಎಂಬುದು ಫೆಲ್‌ಗೆ ಹತ್ತಿರ ಇದೆ, ಇನ್ನೇನು ಬೇಕು! ಆರನೆಯ ಗೇಮಿನ ಹೆಸರು ಸಿಕ್ಕೇ ಬಿಟ್ಟಿತು ಅಂತ ಎಲ್ಲರೂ ಕುಣಿದರು. ನಾನೂ ಕುಣಿದೆ, ನಾಲ್ಕು ಜನರಿಗೆ ಹೇಳಿದೆ ಕೂಡ. 2021ರಲ್ಲಿ ನೋಡಿದರೆ ರೆಡ್‌ಫಾಲ್ ಅಂದರೆ ರಕ್ತಪಿಶಾಚಿಗಳಿಗೆ ಗುಂಡು ಹೊಡೆಯುವ ಬೇರೆಯೇ ಗೇಮ್. ಟ್ರೇಡ್‌ಮಾರ್ಕ್ ಅರ್ಜಿ ನಿಜವಾದ ದಾಖಲೆ. ಅದಕ್ಕೆ ನಾವು ಕೊಟ್ಟ ಅರ್ಥ ಮಾತ್ರ ನಮ್ಮ ಕೈಯಿಂದ ಹಾಕಿದ್ದು.

ಮೂರನೆಯ ಕಾಲಂಗೆ ಬಂದಾಗ ನಾನೇ ಸಿಕ್ಕಿಬಿದ್ದೆ. "ಮಾವ, ನಿಮಗೆ ಯಾಕೆ ಹ್ಯಾಮರ್‌ಫೆಲ್ಲೇ ಬೇಕು? ಬೇರೆ ಪ್ರಾಂತ್ಯ ಆದ್ರೆ ಆಗುದಿಲ್ವಾ?" ಅಂತ ಅವನು ಕೇಳಿದ.

ಸ್ಕೈರಿಮ್ ಒಳಗೆ ಓದುವ ಪುಸ್ತಕಗಳು ಇರುತ್ತವೆ. ಹೆಚ್ಚಿನವರು ಅದನ್ನು ತೆರೆಯುವುದೇ ಇಲ್ಲ, ನಾನು ಓದುತ್ತಿದ್ದೆ. ಅದರಲ್ಲಿ 'ದಿ ಗ್ರೇಟ್ ವಾರ್' ಅಂತ ಒಂದು. ಚಕ್ರವರ್ತಿಗೂ ಎಲ್ಫ್‌ಗಳ ಡೊಮಿನಿಯನ್‌ಗೂ ಯುದ್ಧ. ಕೊನೆಗೆ ಚಕ್ರವರ್ತಿ ಒಂದು ಒಪ್ಪಂದಕ್ಕೆ ಸಹಿ ಹಾಕುತ್ತಾನೆ. ಅದರಲ್ಲಿ ಹ್ಯಾಮರ್‌ಫೆಲ್‌ನ ದಕ್ಷಿಣದ ದೊಡ್ಡ ಭಾಗವನ್ನು ಬಿಟ್ಟುಕೊಡಬೇಕು ಅಂತ ಇದೆ. ರೆಡ್‌ಗಾರ್ಡ್‌ಗಳು ಒಪ್ಪುವುದಿಲ್ಲ. ಆಗ ಚಕ್ರವರ್ತಿ ನೀವು ನನ್ನ ಸಾಮ್ರಾಜ್ಯದವರೇ ಅಲ್ಲ ಅಂತ ಕೈ ಬಿಡುತ್ತಾನೆ. ಅವರು ಒಬ್ಬರೇ ಐದು ವರ್ಷ ಹೋರಾಡಿ ಆ ಸೈನ್ಯವನ್ನು ವಾಪಸ್ ಕಳಿಸುತ್ತಾರೆ.

ಇನ್ನೂ ಒಂದು ವಿಷಯ ಉಂಟು. ಆ ಜನ ಯೊಕುಡಾ ಎಂಬ ಬೇರೆ ನೆಲದಿಂದ ಸಮುದ್ರ ದಾಟಿ ಬಂದವರು. ಅವರಲ್ಲಿ ಎರಡು ಪಂಗಡ. 'ಕ್ರೌನ್ಸ್' ಹಳೆಯ ಪದ್ಧತಿ ಬಿಡಬಾರದು ಅನ್ನುವವರು. 'ಫೋರ್‌ಬೇರ್ಸ್' ಸುತ್ತಲಿನವರ ಪದ್ಧತಿ ಕಲಿತು ಹೊಂದಿಕೊಂಡವರು. ತಲೆಮಾರುಗಳಿಂದ ಜಗಳ. ಆದರೆ ಆ ಯುದ್ಧದಲ್ಲಿ ಕ್ರೌನ್ಸ್‌ನ ಹೆಗಾಥೆ ನಗರಕ್ಕೆ ಮುತ್ತಿಗೆ ಬಿದ್ದಾಗ ಬಿಡಿಸಲು ಬಂದದ್ದು ಸೆಂಟಿನೆಲ್ ಊರಿನ ಫೋರ್‌ಬೇರ್ಸ್.

ಇದನ್ನು ಗಡಿಯ ಈಚೆ ಕೂತು ಓದುವ ನಮಗೆ ಎಂತ ಅನ್ನಿಸುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾ? 1956ರ ನವೆಂಬರ್ 1ರಂದು ಕಾಸರಗೋಡಿನ ನಮ್ಮ ಅಜ್ಜಂದಿರು ಅದೇ ಮನೆಯಲ್ಲಿ, ಅದೇ ಚಾಪೆಯಲ್ಲಿ ಎದ್ದು ಕೂತಾಗ ರಾಜ್ಯ ಬೇರೆ ಆಗಿತ್ತು. ಮಗನನ್ನು ಯಾವ ಮೀಡಿಯಂಗೆ ಹಾಕಬೇಕು ಎಂಬ ಜಗಳ ಇವತ್ತಿಗೂ ನಮ್ಮ ಜಗಲಿಗಳಲ್ಲಿ ಉಂಟು. ಗೇಮ್ ಮಾಡಿದವರಿಗೆ ನಮ್ಮ ಊರಿನ ಹೆಸರೂ ಗೊತ್ತಿರಲಿಕ್ಕಿಲ್ಲ, ಅವರು ನಮ್ಮ ಕಥೆ ಬರೆದದ್ದಲ್ಲ. ನನ್ನ ಮನಸ್ಸು ಆ ಪುಟದಲ್ಲಿ ನಿಂತು ಬಿಟ್ಟಿತು, ಅಷ್ಟೇ. ಹಾಗಾಗಿ ಬೆಟ್ಟ ಕಂಡರೆ ಹ್ಯಾಮರ್‌ಫೆಲ್, ಗೀರು ಕಂಡರೆ ಹ್ಯಾಮರ್‌ಫೆಲ್. ನಾನು ಇಷ್ಟು ದಿನ ಅಂದಾಜಿನ ಕಾಲಂನಲ್ಲಿ ಬರೆಯುತ್ತಿದ್ದದ್ದು ಅರ್ಧಕ್ಕರ್ಧ ಆಸೆ. ಬೇರೆಯವರ ಊಹೆಯೂ ಹಾಗೇ ಇರಬೇಕು. ಊಹೆ ಕೇಳಿದರೆ ಗೇಮಿನ ಬಗ್ಗೆ ಗೊತ್ತಾಗುವುದು ಕಡಿಮೆ, ಹೇಳುವವನ ಬಗ್ಗೆ ಗೊತ್ತಾಗುವುದು ಜಾಸ್ತಿ.

ಆಸೆ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಆಸೆಯನ್ನು ಬಾಕಿ ಅಂತ ತಿಳಿದು ವಸೂಲಿಗೆ ಹೊರಟರೆ ಕಷ್ಟ. 'ಸೈಬರ್‌ಪಂಕ್ 2077' ನೆನಪಿದೆಯಾ? 2020ರಲ್ಲಿ ಏಪ್ರಿಲ್ ಅಂದದ್ದು ಸೆಪ್ಟೆಂಬರ್ ಆಯಿತು, ನವೆಂಬರ್ ಆಯಿತು, ಡಿಸೆಂಬರ್ ಆಯಿತು. ಮೂರನೆಯ ಸಲ ಮುಂದೂಡಿದಾಗ ಅದನ್ನು ಮಾಡುತ್ತಿದ್ದ ನೌಕರರಿಗೆ ಕೊಲೆ ಬೆದರಿಕೆ ಬಂತು. ಅವರು ಯಾರು? ನನ್ನ ಹಾಗೆ ಸಂಬಳಕ್ಕೆ ದುಡಿಯುವವರು. ದಿನಾಂಕ ನಿರ್ಧರಿಸುವವರು ಬೇರೆ, ಬೈಗುಳ ತಿನ್ನುವವರು ಬೇರೆ. ಸರ್ವರ್ ಡೌನ್ ಆದಾಗ ಕೌಂಟರಿನಲ್ಲಿ ಕೂತವನಿಗೆ ಇದು ಚೆನ್ನಾಗಿ ಗೊತ್ತು. ಕೊನೆಗೆ ಡಿಸೆಂಬರ್ 10ಕ್ಕೆ ಬಂದ ಗೇಮ್ ಹಳೆ ಯಂತ್ರಗಳಲ್ಲಿ ಎಷ್ಟು ಕೆಟ್ಟದಾಗಿ ಓಡಿತೆಂದರೆ, ಸೋನಿ ಅದನ್ನು ತನ್ನ ಅಂಗಡಿಯಿಂದ ಒಂದೇ ವಾರದಲ್ಲಿ ತೆಗೆಯಿತು. ಮೊದಲೇ ದುಡ್ಡು ಕಟ್ಟಿದವರು ತುಂಬಾ ಜನ ಇದ್ದರು.

ಕಂಪನಿಗಳನ್ನು ನಾನು ಬಿಡುವುದಿಲ್ಲ. ಮಾಡುವ ಕೆಲಸ ಸರಿಯಾಗಿ ಶುರುವಾಗುವ ಮೊದಲೇ 2018ರಲ್ಲಿ ಹೆಸರು ತೋರಿಸಿದ್ದು ಯಾಕೆ? ನಾವು ಒಬ್ಬರಿಂದ ಡೆಪಾಸಿಟ್ ತೆಗೆದುಕೊಂಡರೆ ರಸೀದಿಯಲ್ಲಿ ಮೆಚ್ಯೂರಿಟಿ ದಿನ ಬರೆಯಬೇಕು. ಇವರು ಜನರ ಉತ್ಸಾಹವನ್ನು ತೆಗೆದುಕೊಂಡು ದಿನ ಬರೆಯದೆ ಕಳಿಸಿದ್ದಾರೆ. ಆ ಖಾಲಿ ಜಾಗ ಇರುವುದರಿಂದಲೇ "ಒಳಗಿನ ಸುದ್ದಿ" ಅಂತ ವಾರಕ್ಕೊಂದು ವಿಡಿಯೋ ಮಾಡುವವರು ಹುಟ್ಟಿದರು, ಅವರ ಹಿಂದೆ ಕೋಡ್ ಮಾರುವ ಕಳ್ಳರೂ ಹುಟ್ಟಿದರು.

ಕಾಯುವುದು ಅಂದರೆ ಎಂತದ್ದು ಅಂತ ಒಬ್ಬ ಅಜ್ಜಿಯನ್ನು ನೋಡಿ ಯೋಚಿಸುತ್ತೇನೆ. ಅಮೆರಿಕದ ಶರ್ಲಿ ಕರಿ, 1936ರಲ್ಲಿ ಹುಟ್ಟಿದವರು. ಸ್ಕೈರಿಮ್ ಆಡುತ್ತಾ ಯೂಟ್ಯೂಬಿನಲ್ಲಿ ಮಾತಾಡಿ 'ಸ್ಕೈರಿಮ್ ಅಜ್ಜಿ' ಅಂತಲೇ ಹೆಸರಾದವರು. ಅವರನ್ನು ಮುಂದಿನ ಗೇಮಿನಲ್ಲಿ ಒಂದು ಪಾತ್ರವಾಗಿ ಸೇರಿಸಿ ಅಂತ ಸಾವಿರಾರು ಅಭಿಮಾನಿಗಳು ಕೇಳಿಕೊಂಡರು, 2019ರಲ್ಲಿ ಕಂಪನಿ ಒಪ್ಪಿತು. ಇಷ್ಟು ವರ್ಷದ ಗಲಾಟೆಯಲ್ಲಿ ಅಭಿಮಾನಿಗಳು ಕೇಳಿ ಪಡೆದ ಒಳ್ಳೆಯ ಸಂಗತಿ ಅಂದರೆ ನನಗೆ ಇದೇ. ಆ ಅಜ್ಜಿ ತನ್ನದೇ ಪಾತ್ರವನ್ನು ಕಣ್ಣಾರೆ ನೋಡಲಿ ಅಂತ ನನ್ನ ಹಾರೈಕೆ.

ಅಳಿಯನ ವಿಷಯಕ್ಕೆ ಬರುತ್ತೇನೆ. ದೂರು ಕೊಟ್ಟಿದ್ದೇವೆ, ಆದರೆ ಹನ್ನೆರಡು ದಿನದ ಮೇಲೆ ಆ ದುಡ್ಡಿನ ಆಸೆ ನಾನು ಬಿಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ಹೀಗಾದರೆ ತಡ ಮಾಡಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ದುಡ್ಡು ಇನ್ನೊಂದು ಖಾತೆಗೆ ದಾಟುವ ಮೊದಲು ತಡೆದರೆ ಮಾತ್ರ ಸಿಗುವ ಸಾಧ್ಯತೆ ಉಂಟು. ಮಕ್ಕಳು ಬಯ್ಗುಳಕ್ಕೆ ಹೆದರಿ ಮುಚ್ಚಿಡುತ್ತಾರೆ, ಆ ಹೆದರಿಕೆಯೇ ಕಳ್ಳನಿಗೆ ಸಿಗುವ ಸಮಯ. ಮೊದಲು ಫೋನ್ ಮಾಡಿ, ಬಯ್ಯುವುದಿದ್ದರೆ ಆಮೇಲೆ ಬಯ್ಯಿರಿ. ಗೇಮ್ ವಿಷಯಕ್ಕೆ ನನ್ನ ಸಲಹೆ ಇಷ್ಟೇ. ಬಿಡುಗಡೆ ಆಗಿ, ಆಡಿದವರು ಹೇಳುವವರೆಗೆ ಒಂದು ರೂಪಾಯಿ ಕೊಡಬೇಡಿ. ಊಹೆಗೆ ದುಡ್ಡು ಬೇಡ, ಎಷ್ಟು ಬೇಕಾದರೂ ಮಾಡಿ.

ಆ ನೋಟ್ ಪುಸ್ತಕ ಅಕ್ಕನ ಮನೆಯಲ್ಲೇ ಇದೆ. ಅಳಿಯ ಈಗ ಹೊಸ ಸುದ್ದಿ ಬಂದಾಗ ಫೋನ್ ಮಾಡಿ "ಮಾವ, ಇದು ಎರಡನೇ ಕಾಲಂ" ಅನ್ನುತ್ತಾನೆ. ಹೋದ ವಾರ "ಇದು ಮೂರನೇದು, ಆದ್ರೂ ಹೇಳ್ತೇನೆ" ಅಂದ. ಕೇಳಿದೆ, ಖುಷಿಯಾಯಿತು.

ನಿಮ್ಮ ಊಹೆ ಎಂತ? ಹ್ಯಾಮರ್‌ಫೆಲ್ಲಾ, ಹೈ ರಾಕಾ, ಬೇರೆಯಾ? ಕಾಮೆಂಟಿನಲ್ಲಿ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಯಾವ ಕಾಲಂ ಅಂತ ಮಾತ್ರ ಪಕ್ಕದಲ್ಲಿ ಹಾಕಲು ಮರೆಯಬೇಡಿ.