ಚಿನ್ನಕ್ಕೆ ಬೇಡದ ವಿಸಾ ಮಕ್ಕಳಿಗೇಕೆ?

"ಇಂಗ್ಲೆಂಡಿಗೆ ಬನ್ನಿ, ಐರ್ಲೆಂಡಿಗೆ ಬನ್ನಿ, ಓದಿ ದೊಡ್ಡವರಾಗಿ" ಎಂದು ಕರೆಯುವ ಜಾಹೀರಾತುಗಳು ಈಗ ನಮ್ಮಂಥ ಸಣ್ಣ ಊರುಗಳ ಗೋಡೆಗಳನ್ನೂ ಹತ್ತಿವೆ. ಕರೆಯುವವರ ಬಾಯಿ ಬಲು ಸಿಹಿ. ಆದರೆ ಜಾಹೀರಾತಿನ ಹಿಂದೆ ಒಂದು ಬಾಗಿಲಿದೆ, ಬಾಗಿಲಲ್ಲಿ ಒಬ್ಬ ಗುಮಾಸ್ತನಿದ್ದಾನೆ. ಹುಡುಗನ ಅಂಕಪಟ್ಟಿಯೊಂದೇ ಅವನಿಗೆ ಸಾಲದು. ಅಪ್ಪನ ಬ್ಯಾಂಕಿನ ಪುಸ್ತಕ ಎಲ್ಲಿ ಎಂದು ಕೇಳುತ್ತಾನೆ. ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗುವ ತಂದೆಯ ಮಗಳು, ಬಂಗಾರಪೇಟೆಯ ಅಕ್ಕಿ ಗಿರಣಿಯ ಕೂಲಿಕಾರನ ಮಗ, ಬಜಾರಿನಲ್ಲಿ ಸಣ್ಣ ಅಂಗಡಿಯಿಟ್ಟವನ ಮಗ ಅಲ್ಲಿಯೇ ನಿಂತುಬಿಡುತ್ತಾರೆ.

ಮಿತ್ರರೇ, ಈ ವಿಷಯ ಶ್ರೀಮಂತರ ಮಕ್ಕಳ ಉಸಾಬರಿ, ನಮಗೇಕೆ ಎಂದು ಪುಟ ತಿರುವಬೇಡಿ. ಈ ಬಾಗಿಲಿನ ಬೀಗಕ್ಕೂ ನಮ್ಮ ಊರಿನ ಮಣ್ಣಿಗೂ ಹಳೆಯ ನಂಟಿದೆ.

ಆ ದ್ವೀಪದವರು ನಮ್ಮಲ್ಲಿಗೆ ಹೇಗೆ ಬಂದರು? ಮೈಕಲ್ ಲವೆಲ್ ಎಂಬ ಐರಿಷ್ ಸಿಪಾಯಿ ಎತ್ತಿನ ಗಾಡಿಯಲ್ಲಿ ಕೋಲಾರದ ಕಡೆಗೆ ಬಂದು ಚಿನ್ನ ಹುಡುಕಿದ. 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿ ಪರವಾನಗಿಯನ್ನೂ ಪಡೆದ. ಅವನ ಕೈಯಲ್ಲಿ ಸಾಕಷ್ಟು ಹಣವಿರಲಿಲ್ಲ. ಬಂಡವಾಳ ಸಾಲದೆ ಎರಡು ವರ್ಷದಲ್ಲಿ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಇಂದಿನ ಅವರದೇ ಕಟ್ಟಳೆಯಿಂದ ಅಳೆದರೆ ಲವೆಲ್ ಸಾಹೇಬನ ಅರ್ಜಿ "ಹಣ ಸಾಲದು" ಎಂದು ತಿರಸ್ಕೃತವಾಗಬೇಕಿತ್ತು. ತಿರಸ್ಕಾರವಾಗಲಿಲ್ಲ, ಬೆಂಗಳೂರಿನಲ್ಲಿ ಅವನ ಹೆಸರಿನ ರಸ್ತೆಯಾಯಿತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಅದರ ಹಿಂದೆಯೇ ಕಾರ್ನ್‌ವಾಲಿನ ಗಣಿಗಾರರು ಬಂದರು, ಬಂಗಲೆ ಬಂತು, ಕ್ಲಬ್ಬು ಬಂತು. ಕಮಿಷನರ್ ಬೌರಿಂಗ್‌ನ ಹೆಸರಿನಲ್ಲಿ ನಮ್ಮ ಬಂಗಾರಪೇಟೆಯೇ ಬೌರಿಂಗ್‌ಪೇಟೆಯಾಗಿತ್ತು. ನೂರಿಪ್ಪತ್ತು ವರ್ಷಗಳಲ್ಲಿ ಈ ನೆಲದಿಂದ ಸುಮಾರು 800 ಟನ್ ಚಿನ್ನ ಮೇಲೆ ಬಂತು. ಕಂಪನಿಯ ಕಾಲದಲ್ಲಿ ತೆಗೆದ ಚಿನ್ನದ ಲಾಭ ಯಾವ ದ್ವೀಪ ಸೇರಿತೆಂದು ಹೇಳಬೇಕಾಗಿಲ್ಲ. ಆ ಚಿನ್ನದ ಗಟ್ಟಿಯನ್ನು ಹಡಗುಕಟ್ಟೆಯಲ್ಲಿ ತಡೆದು "ನೀನು ಎಷ್ಟು ದಿನ ಇರುತ್ತೀ, ಯಾವಾಗ ಹಿಂತಿರುಗುತ್ತೀ?" ಎಂದು ಯಾರೂ ಕೇಳಲಿಲ್ಲ.

ಈಗ ಮಕ್ಕಳಿಗೆ ಕೇಳುವ ಲೆಕ್ಕ ನೋಡಿ. ಬ್ರಿಟನ್ನಿನ ವಿದ್ಯಾರ್ಥಿ ವಿಸಾದ ಅರ್ಜಿಯ ಶುಲ್ಕ 2025ರ ಏಪ್ರಿಲ್‌ನಲ್ಲಿ 524 ಪೌಂಡಿಗೆ ಏರಿತು. ಅದರ ಮೇಲೆ ಆರೋಗ್ಯದ ಹೆಸರಿನ ತೆರಿಗೆ, 2024ರ ಫೆಬ್ರವರಿಯಿಂದ ವರ್ಷಕ್ಕೆ 776 ಪೌಂಡು. ಇವೆರಡೂ ಕೊಡುವ ಹಣ. ಇನ್ನು ತೋರಿಸುವ ಹಣ ಬೇರೆ. 2025ರ ನವೆಂಬರ್‌ನಲ್ಲಿ ಬಂದ ದರದ ಪ್ರಕಾರ ಲಂಡನ್ನಿನ ಹೊರಗೆ ಓದುವವನು ತಿಂಗಳಿಗೆ 1,171 ಪೌಂಡಿನಂತೆ ಒಂಬತ್ತು ತಿಂಗಳ ಖರ್ಚು, ಅಂದರೆ 10,539 ಪೌಂಡು ತೋರಿಸಬೇಕು. ಪೌಂಡಿಗೆ 115 ರೂಪಾಯಿ ಎಂದು ಕಡಿಮೆಯೇ ಹಿಡಿದರೂ ಇದು 12 ಲಕ್ಷ ದಾಟುತ್ತದೆ. ಮೊದಲ ವರ್ಷದ ಬೋಧನಾ ಶುಲ್ಕದಲ್ಲಿ ಕಟ್ಟದೆ ಉಳಿದ ಬಾಕಿಯನ್ನು ಇದಕ್ಕೆ ಕೂಡಿಸಿಕೊಳ್ಳಿ. ಈ ಮೊತ್ತ 28 ದಿನ ಬ್ಯಾಂಕಿನಲ್ಲಿ ಅಲುಗಾಡದೆ ಕುಳಿತಿರಬೇಕು. ಒಂದು ದಿನ ಒಂದು ಪೌಂಡು ಕಡಿಮೆಯಾದರೂ ಲೆಕ್ಕ ಕೆಟ್ಟಿತು.

ಖಾತೆ ವಿದ್ಯಾರ್ಥಿಯದೋ ತಂದೆತಾಯಿಯದೋ ಆಗಿರಬೇಕು. ಸೋದರಮಾವನ ಹಣ ನಡೆಯುವುದಿಲ್ಲ, ಅಣ್ಣನ ಹಣವೂ ನಡೆಯುವುದಿಲ್ಲ. ನಮ್ಮ ಸಂಸಾರಗಳಲ್ಲಿ ಒಬ್ಬನನ್ನು ಓದಿಸಲು ನಾಲ್ಕು ಮನೆಯವರು ಕೈಹಾಕುವುದು ವಾಡಿಕೆ. ಆ ವಾಡಿಕೆಗೆ ಅಲ್ಲಿ ಬೆಲೆಯಿಲ್ಲ. ಮನೆ, ಜಮೀನು, ಷೇರು ಲೆಕ್ಕಕ್ಕಿಲ್ಲ. ತಾಯಿಯ ಕೊರಳಿನ ಚಿನ್ನವೂ ಲೆಕ್ಕಕ್ಕಿಲ್ಲ. ಅದನ್ನು ಅಡವಿಟ್ಟು ಕಾಗದದ ಹಣ ಮಾಡಿ ಬ್ಯಾಂಕಿಗೆ ಹಾಕಿದರೆ ಮಾತ್ರ ಕಣ್ಣಿಗೆ ಬೀಳುತ್ತದೆ. ಚಿನ್ನದ ಊರಿನವರ ಚಿನ್ನವನ್ನು ನೂರು ವರ್ಷ ಕಣ್ಣರಳಿಸಿ ನೋಡಿದ ದ್ವೀಪಕ್ಕೆ ಈಗ ಚಿನ್ನ ಕಾಣುವುದಿಲ್ಲವಂತೆ!

ಪಕ್ಕದ ಐರ್ಲೆಂಡ್ ದ್ವೀಪದಲ್ಲೂ ಇದೇ ನೀತಿ, ಅಳತೆಗೋಲು ಮಾತ್ರ ಬೇರೆ. ಅಲ್ಲಿ ವರ್ಷಕ್ಕೆ 10,000 ಯೂರೋ ಕೈಯಲ್ಲಿದೆಯೆಂದು ತೋರಿಸಬೇಕು, ಆರು ತಿಂಗಳ ಬ್ಯಾಂಕಿನ ಲೆಕ್ಕ ಒಪ್ಪಿಸಬೇಕು. ಓದಿನಲ್ಲಿ ನಡುವೆ ವರ್ಷ ಬಿಟ್ಟಿದ್ದರೆ ಏಕೆ ಬಿಟ್ಟೆ ಎಂದು ವಿವರಿಸಬೇಕು. ಪಿ.ಯು.ಸಿ. ಮುಗಿಸಿ ಮನೆ ನಡೆಸಲು ಮೂರು ವರ್ಷ ಕಾರ್ಖಾನೆಗೆ ದುಡಿಯಹೋದವನಿಗೇ ಈ ಪ್ರಶ್ನೆ ಎದುರಾಗುವುದು. ಧಣಿಯ ಮಗನಿಗೆ ವರ್ಷ ಬಿಡುವ ಪ್ರಮೇಯವೇ ಬರುವುದಿಲ್ಲ.

"ಪ್ರತಿಯೊಂದು ದೇಶಕ್ಕೂ ತನ್ನ ಬಾಗಿಲು ಕಾಯುವ ಹಕ್ಕಿದೆ, ಬಂದವರು ಅಲ್ಲಿ ಉಪವಾಸ ಬೀಳಬಾರದಲ್ಲ" ಎಂದು ಕೆಲವರು ವಾದಿಸುತ್ತಾರೆ. ಹಕ್ಕಿರಲಿ, ಬೇಡವೆನ್ನುವುದಿಲ್ಲ. ಆದರೆ ಕಟ್ಟಳೆ ಎಲ್ಲರಿಗೂ ಒಂದೇ ಆಗಿರಬೇಕಲ್ಲವೆ? ಅಮೆರಿಕದ ವಿದ್ಯಾರ್ಥಿ, ಆಸ್ಟ್ರೇಲಿಯದ ವಿದ್ಯಾರ್ಥಿ ಬ್ರಿಟನ್ನಿಗೆ ಅರ್ಜಿ ಹಾಕುವಾಗ ಹಣದ ಕಾಗದಗಳನ್ನು ಜೊತೆಗೆ ಇಡಬೇಕಾಗಿಲ್ಲ, ಕೇಳಿದರೆ ತೋರಿಸಿದರೆ ಸಾಕು. 2018ರಲ್ಲಿ ಈ ರಿಯಾಯಿತಿಯ ಪಟ್ಟಿಯನ್ನು ದೊಡ್ಡದು ಮಾಡಿದಾಗ ಚೀನಾ ಸೇರಿತು, ಭಾರತ ಹೊರಗೇ ಉಳಿಯಿತು. ಕೋಲಾರದ ಹುಡುಗಿಗೆ ಆಗುವ ಹಸಿವೆ ಅಮೆರಿಕದ ಹುಡುಗಿಗೆ ಆಗುವುದಿಲ್ಲವೆ? ಆದುದರಿಂದ ಉಪವಾಸದ ಮಾತು ನೆಪ. ನಂಬಿಕೆಗೆ ಅರ್ಹರು ಯಾರು, ಅಲ್ಲದವರು ಯಾರು ಎಂಬ ವಿಂಗಡಣೆಯೇ ನಿಜವಾದ ಉದ್ದೇಶ.

ಇದು ಹಿಂದಿನಿಂದ ಹೀಗೆಯೇ ಇತ್ತೆಂದೂ ಹೇಳುವಂತಿಲ್ಲ. 1962ರ ಕಾನೂನು ಬರುವವರೆಗೆ ಕಾಮನ್‌ವೆಲ್ತಿನ ಪ್ರಜೆಗಳು ಬ್ರಿಟನ್ನಿಗೆ ತಡೆಯಿಲ್ಲದೆ ಹೋಗಬಹುದಾಗಿತ್ತು. ಭಾರತೀಯರೆಲ್ಲರೂ ಮೊದಲೇ ವಿಸಾ ಪಡೆಯಬೇಕೆಂಬ ಕಟ್ಟಳೆ ಬಂದದ್ದು 1986ರಲ್ಲಿ. ಮನುಷ್ಯರು ಹಾಕಿದ ಬೀಗವನ್ನು ಮನುಷ್ಯರೇ ತೆಗೆಯಲೂಬಹುದು.

ಇನ್ನೊಂದು ಸಂಗತಿ. ಅರ್ಜಿ ಹಾಕಿದವರು ಖಾಸಗಿ ಕಂಪನಿ ನಡೆಸುವ ಕೇಂದ್ರಕ್ಕೆ ಹೋಗಿ ಹತ್ತು ಬೆರಳಿನ ಅಚ್ಚು ಒತ್ತಬೇಕು. ನಮ್ಮ ಗಣಿಯ ಕಾರ್ಮಿಕರು 1930ರಲ್ಲಿ ಮುಷ್ಕರ ಹೂಡಿದ್ದು ಏತಕ್ಕೆ ಗೊತ್ತೆ? ಬೆರಳಚ್ಚು ಒತ್ತಿಸಿ ಹೆಸರು ನೋಂದಾಯಿಸುವ ಕಂಪನಿಯ ಕಟ್ಟಳೆಯ ವಿರುದ್ಧ. ಅಂದು ತಾತ ಒಪ್ಪದೆ ಸೆಟೆದು ನಿಂತ. ಇಂದು ಮೊಮ್ಮಗ ತಾನೇ ದುಡ್ಡು ತೆತ್ತು, ಸಾಲಿನಲ್ಲಿ ನಿಂತು ಒತ್ತುತ್ತಾನೆ. ಕ್ಷಯರೋಗವಿಲ್ಲವೆಂದು ಎದೆಯ ಎಕ್ಸ್‌ರೇ ತೆಗೆಸಿ ಪತ್ರವನ್ನೂ ತರಬೇಕು. ಆ ದ್ವೀಪದ ಷೇರುದಾರರಿಗಾಗಿ ಪಾತಾಳದಲ್ಲಿ ಕಲ್ಲು ಕೊರೆದು, ಆ ಧೂಳು ಕುಡಿದು ಸಿಲಿಕೋಸಿಸ್‌ನಿಂದ ಎದೆ ಕಳೆದುಕೊಂಡವರ ಮೊಮ್ಮಕ್ಕಳಿಂದ ಎದೆಯ ಚಿತ್ರ ಕೇಳುತ್ತಾರೆ! ತಾತನ ಎದೆಯ ಬೆಲೆಯನ್ನು ಕಟ್ಟಿಕೊಡುವವರು ಯಾರು?

"ಕೂಲಿಯವನ ಮಗನಿಗೆ ಲಂಡನ್ ಏಕೆ? ಇಲ್ಲೇ ಓದಲಿ" ಎನ್ನುವವರು ನಮ್ಮೊಳಗೂ ಇದ್ದಾರೆ. ಇಲ್ಲಿ ಓದುವವರು ಓದಲಿ, ಒಳ್ಳೆಯದೇ. ಆದರೆ ಹೋಗುವವರನ್ನು ತಡೆಯಲು ಇವರು ಯಾರು? ಡಾ. ಅಂಬೇಡ್ಕರ್ ಅವರು 1916ರಲ್ಲಿ ಲಂಡನ್ನಿಗೆ ಓದಲು ಹೋದರು. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಮುಗಿಯಿತೆಂದು ಓದು ಅರ್ಧಕ್ಕೆ ನಿಲ್ಲಿಸಿ 1917ರಲ್ಲಿ ಹಿಂತಿರುಗಿದರು. ದುಡಿದು ಉಳಿಸಿದ್ದು, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯನೊಬ್ಬನ ಸಾಲ ಸೇರಿಸಿಕೊಂಡು 1920ರಲ್ಲಿ ಮತ್ತೆ ಹೋಗಿ ಓದು ಮುಗಿಸಿದರು. ಗೆಳೆಯನ ಹಣ ನಡೆಯದೆಂಬ ಇಂದಿನ ಕಟ್ಟಳೆ ಅಂದು ಇದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿರಿ.

ಪರರ ದ್ವೀಪವನ್ನು ಬೈದು ನಮ್ಮ ಸರ್ಕಾರಗಳನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ಪರಿಶಿಷ್ಟ ಜಾತಿಯವರು ಹೊರದೇಶದಲ್ಲಿ ಓದಲು ಕೇಂದ್ರದ ವಿದ್ಯಾರ್ಥಿವೇತನವಿದೆ. ಅಲೆಮಾರಿಗಳು, ಭೂಹೀನ ಕೂಲಿಕಾರರನ್ನೂ ಸೇರಿಸಿ ಇಡೀ ದೇಶಕ್ಕೆ ವರ್ಷಕ್ಕೆ ಕೇವಲ 125 ಸ್ಥಾನ. 2025ರಲ್ಲಿ ಆಯ್ಕೆಯಾದ 106 ಮಂದಿಯಲ್ಲಿ ಮೊದಲಿಗೆ 40 ಮಂದಿಗೆ ಮಾತ್ರ ಪತ್ರ ಕೊಟ್ಟು, ಮಿಕ್ಕವರಿಗೆ ಹಣ ಒದಗಿದರೆ ನೋಡೋಣ ಎಂದರು. ಬ್ಯಾಂಕಿಗೆ ಹೋದರೆ ಏಳೂವರೆ ಲಕ್ಷ ಮೀರಿದ ಸಾಲಕ್ಕೆ ಆಸ್ತಿಯ ಆಧಾರ ಕೇಳುತ್ತಾರೆ. 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಹಾಕಿದ ಮೇಲೆ ಕಂಪನಿಯ ಹಳೆಯ ಮನೆಗಳಲ್ಲಿ ಉಳಿದವರು ಹಕ್ಕುಪತ್ರಕ್ಕಾಗಿ ವರ್ಷಗಟ್ಟಲೆ ಅಲೆದಿದ್ದಾರೆ. ಹಕ್ಕುಪತ್ರವಿಲ್ಲದಿದ್ದರೆ ಆಧಾರವಿಲ್ಲ. ಆಧಾರವಿಲ್ಲದಿದ್ದರೆ ಸಾಲವಿಲ್ಲ, ಸಾಲವಿಲ್ಲದಿದ್ದರೆ ವಿಸಾ ಇಲ್ಲ. ಲಂಡನ್ನಿನ ಗುಮಾಸ್ತನಿಗಿಂತ ಮೊದಲೇ ನಮ್ಮವರೇ ಅರ್ಜಿಯನ್ನು ತಿರಸ್ಕರಿಸಿದ್ದಾರೆ!

2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ರುಜು ಹಾಕಿದವು. ಅದರಂತೆ ಸ್ಕಾಚ್ ವಿಸ್ಕಿಯ ಮೇಲಿನ ಸುಂಕ ನೂರಕ್ಕೆ 150ರಿಂದ 75ಕ್ಕೆ, ಮುಂದೆ ಹತ್ತು ವರ್ಷದಲ್ಲಿ 40ಕ್ಕೆ ಇಳಿಯತಕ್ಕದ್ದು. ವಿಸ್ಕಿಗೆ ಬಾಗಿಲು ತೆರೆಸಿಕೊಂಡವರು ವಿದ್ಯಾರ್ಥಿಗೆ ಕಿಟಕಿಯನ್ನಾದರೂ ತೆರೆಸಬಾರದಾಗಿತ್ತೆ?

ಈಗ ಸಣ್ಣ ವ್ಯಾಪಾರಿ ಬಂಧುಗಳಿಗೆ ಎರಡು ಮಾತು. 28 ದಿನದ ಮಟ್ಟಿಗೆ ಖಾತೆಯಲ್ಲಿ ಹಣ ತೋರಿಸಲು ಬಡ್ಡಿಗೆ ಕೊಡುವ ದಂಧೆಯೊಂದು ಈ ದೇಶದಲ್ಲಿ ಬೆಳೆದಿದೆ. ದಲ್ಲಾಳಿ ಬಂದು "ತಿಂಗಳ ಮಾತು, ಒಳ್ಳೆ ಬಡ್ಡಿ" ಎಂದಾಗ ಬಾಯಿ ನೀರೂರಬಹುದು. ಆ ತೋರಿಕೆಯ ಹಣ ತಿಂಗಳಾದ ಮೇಲೆ ನಿಮ್ಮಲ್ಲಿಗೆ ಹಿಂತಿರುಗುತ್ತದೆ. ಹುಡುಗ ಮಾತ್ರ ಬರಿಗೈಯಲ್ಲಿ ಪರದೇಶದಲ್ಲಿ ನಿಲ್ಲುತ್ತಾನೆ. ಅಲ್ಲಿ ಓದಿನ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಆ ಸಂಪಾದನೆಯಲ್ಲಿ ಊಟ, ಬಾಡಿಗೆ, ಸಾಲದ ಬಡ್ಡಿ ಮೂರೂ ತೀರುವುದಿಲ್ಲ. ದಲ್ಲಾಳಿ ಸುಳ್ಳು ಕಾಗದ ಇಟ್ಟದ್ದು ಸಿಕ್ಕಿಬಿದ್ದರೆ ಹತ್ತು ವರ್ಷ ಬ್ರಿಟನ್ನಿನ ಬಾಗಿಲು ಮುಚ್ಚುತ್ತದೆ. ಶಿಕ್ಷೆ ಹುಡುಗನಿಗೆ, ದಲ್ಲಾಳಿಗೆ ಕಮಿಷನ್ನು. ಅರ್ಜಿ ತುಂಬಲು ದಲ್ಲಾಳಿ ಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ವಿಶ್ವವಿದ್ಯಾನಿಲಯದ ಒಪ್ಪಿಗೆಯ ಪತ್ರವಿದ್ದರೆ ವಿದ್ಯಾರ್ಥಿಯೇ ತುಂಬಬಹುದು. ನಿಯಮಗಳೆಲ್ಲ ಕಾಸಿಲ್ಲದೆ ಓದಲು ಸಿಗುತ್ತವೆ. ಇಂಗ್ಲಿಷ್ ಬಲ್ಲ ನಾಲ್ಕು ಮಂದಿ ವಾರಕ್ಕೊಂದು ಸಂಜೆ ಸಂಘದ ಕೊಠಡಿಯಲ್ಲಿ ಕುಳಿತು ಓದಿ ಹೇಳಿದರೆ ಎಷ್ಟೋ ಮನೆಗಳ ಒಡವೆ ಉಳಿಯುತ್ತದೆ.

ನಮ್ಮ ಬೇಡಿಕೆಗಳು ಇಷ್ಟೇ. ದುಡಿಯುವವರ ಮಕ್ಕಳ ಹೊರದೇಶದ ಓದಿನ ಸಾಲಕ್ಕೆ ಸರ್ಕಾರವೇ ಜಾಮೀನು ನಿಲ್ಲಲಿ. ವಿದ್ಯಾರ್ಥಿವೇತನದ ಸ್ಥಾನಗಳು ಹೆಚ್ಚಲಿ, ಆಯ್ಕೆಯಾದ ಪ್ರತಿಯೊಬ್ಬನಿಗೂ ಹಣ ಸಿಗಲಿ. ಗಣಿ ಕಾರ್ಮಿಕರ ಮನೆಗಳಿಗೆ ಹಕ್ಕುಪತ್ರ ಕೊಡಲಿ. ದಲ್ಲಾಳಿಗಳ ಪಟ್ಟಿ, ಅವರು ವಸೂಲು ಮಾಡುವ ಹಣ, ವಿಸಾ ಸಿಗದಾಗ ಹಿಂತಿರುಗಿಸುವ ಷರತ್ತು, ಎಲ್ಲವೂ ತಾಲ್ಲೂಕು ಕಚೇರಿಯ ಬೋರ್ಡಿನಲ್ಲಿ ಬರಲಿ. ದೆಹಲಿಯವರು ಲಂಡನ್ನಿನ ಮೇಜಿನ ಮುಂದೆ ಕುಳಿತಾಗ, ಅಮೆರಿಕದವರಿಗೆ ಕೊಟ್ಟ ನಂಬಿಕೆಯನ್ನು ನಮ್ಮ ಮಕ್ಕಳಿಗೂ ಕೊಡಿ ಎಂದು ಕೇಳಲಿ.

ಇದು ಭಿಕ್ಷೆಯಲ್ಲ. ಸಂಘದ ಸಭೆಗಳಲ್ಲಿ ಈ ಮಾತೆತ್ತಿರಿ. ಮತ ಕೇಳಲು ಮನೆಗೆ ಬರುವ ಪ್ರತಿಯೊಬ್ಬ ಪುಢಾರಿಗೂ ಈ ಪ್ರಶ್ನೆ ಹಾಕಿರಿ. 800 ಟನ್ ಕೊಟ್ಟ ಊರಿನವರು ಕೇಳುತ್ತಿರುವುದು ಓದುವ ಹಕ್ಕನ್ನು. ತಲೆ ತಗ್ಗಿಸಿ ಕೇಳಬೇಕಾದ ಕಾರಣವಿಲ್ಲ.