ಹಾಡಿದವರ ಹೆಸರು ಗೊತ್ತು, ಹಾಡು ಕಟ್ಟಿದವರದು?



ಕಳೆದ ತಿಂಗಳು ಮದುವೆಯ ಮನೆಯೊಂದರಲ್ಲಿ ಊಟಕ್ಕೆ ಕುಳಿತಿದ್ದಾಗ ಪಕ್ಕದ ಎಲೆಯಲ್ಲಿದ್ದ ಬಂಧುವೊಬ್ಬರು, "ಮಾವ, ಈ ವಯಸ್ಸಿನಲ್ಲಿ ನಿಮಗೇಕೆ ಈ ಪಾಡ್‌ಕಾಸ್ಟಿನ ಉಸಾಬರಿ? ಯಾರಿಗೂ ಗೊತ್ತಿಲ್ಲದ ಹಾಡುಗಾರರನ್ನು ಹುಡುಕಿಕೊಂಡು ಹೋಗಿ, ಯಾರೂ ಕೇಳದ ಕಾರ್ಯಕ್ರಮ ಮಾಡುತ್ತೀರಲ್ಲ!" ಎಂದರು. ಪಂಕ್ತಿಯವರೆಲ್ಲ ನಕ್ಕರು. ಬಾಯಲ್ಲಿ ಹೋಳಿಗೆ ಇದ್ದುದರಿಂದ ನಾನು ಉತ್ತರ ಕೊಡಲಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ವಿಷಯ ತಿಳಿಯದವರಿಗಾಗಿ ಎರಡು ಮಾತು. ಭಾವಗೀತೆ, ಭಜನೆ, ರಂಗಗೀತೆ, ಶಾಲೆಯ ಪ್ರಾರ್ಥನೆ ಇವುಗಳಿಗೆ ರಾಗ ಕಟ್ಟಿ, ತಾವು ಮಾತ್ರ ಹಿಂದೆಯೇ ಉಳಿದ ಹಿರಿಯರನ್ನು ಅವರವರ ಮನೆಯಲ್ಲಿಯೇ ಮಾತನಾಡಿಸಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಅರ್ಧ ಗಂಟೆಯ ಕಂತುಗಳನ್ನಾಗಿ ಮಾಡಿ ಅಂತರ್ಜಾಲದಲ್ಲಿ ಹಾಕುತ್ತಿದ್ದೇನೆ. ಇದುವರೆಗೆ ಐದು ಕಂತುಗಳಾಗಿವೆ. ಯಾವ ಕಂತಿಗೂ ಕೇಳುಗರು ನೂರು ದಾಟಿಲ್ಲವೆಂಬುದು ನಿಜ. ಹಿನ್ನೆಲೆಯಲ್ಲಿ ಕುಕ್ಕರಿನ ಸೀಟಿ, ಹಾಲಿನವನ ಸೈಕಲ್ ಗಂಟೆ ಕೇಳಿಸುವುದೂ ನಿಜ.

ಮೊದಲು, ಮನೆಯಲ್ಲಿ ಮಾಡಿದ್ದು ಎಂಬ ತಾತ್ಸಾರದ ಮಾತು. 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ಆರಂಭಿಸಿದ್ದು ಎಲ್ಲಿ? ತಮ್ಮ ಸ್ವಂತ ಮನೆಯಲ್ಲಿ, 30 ವ್ಯಾಟಿನ ಪುಟ್ಟ ಪ್ರೇಷಕದಿಂದ. ಅವರೇನು ಎಂಜಿನಿಯರರಲ್ಲ, ಮನಶ್ಶಾಸ್ತ್ರದ ಅಧ್ಯಾಪಕರು. ಆ ಮನೆಯ ಬಾನುಲಿಗಿದ್ದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ದೇಶದ ಬಾನುಲಿಯ ಹೆಸರಾಯಿತು. ಅಂದು ಅವರ ಪ್ರಸಾರವನ್ನು ಎಷ್ಟು ಮನೆಗಳಲ್ಲಿ ಕೇಳಿರಬಹುದು? ಎಣಿಕೆ ಮಾಡಿ ನಂತರ ಆರಂಭಿಸುವುದಾಗಿದ್ದರೆ ಅವರು ಆರಂಭಿಸುತ್ತಲೇ ಇರಲಿಲ್ಲ. ನನ್ನ ಕೆಲಸವನ್ನು ಅವರದಕ್ಕೆ ಹೋಲಿಸುವ ಉದ್ಧಟತನ ನನಗಿಲ್ಲ. ಮನೆ ಎಂಬುದು ನಾಚಿಕೆಪಡುವ ಜಾಗವಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಎರಡನೆಯದು ಇನ್ನೂ ಕಟುವಾದ ಮಾತು: "ಅವರಲ್ಲಿ ಸತ್ತ್ವವಿದ್ದಿದ್ದರೆ ಪ್ರಸಿದ್ಧರಾಗುತ್ತಿರಲಿಲ್ಲವೇ?" ಇದನ್ನು ನಾನು ಒಪ್ಪುವುದಿಲ್ಲ. ಪ್ರಸಿದ್ಧಿಗೆ ಸತ್ತ್ವದಷ್ಟೇ ಸಾಧನವೂ ಬೇಕು. 1978ರಲ್ಲಿ ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸಂಗೀತ ನೀಡಿದ 'ನಿತ್ಯೋತ್ಸವ' ಧ್ವನಿಸುರುಳಿ ಬಂದ ಮೇಲೆ ಭಾವಗೀತೆ ಮನೆಮನೆಯನ್ನು ತಲುಪಿತು. ಅದು ಆ ಮಹನೀಯರ ಪ್ರತಿಭೆಯ ಫಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಧ್ವನಿಸುರುಳಿಯ ಭಾಗ್ಯವೇ ಇಲ್ಲದ ಸಂಯೋಜಕರ ರಾಗಗಳು ಅವರ ಹಾರ್ಮೋನಿಯಂ ಪೆಟ್ಟಿಗೆಯಿಂದ ಹೊರಬಂದು ಎಷ್ಟು ದೂರ ಹೋಗಬಲ್ಲವು? ಆಕಾಶವಾಣಿಯ ಮೂಲಕ ನಾಡಿಗೆಲ್ಲ ಕೇಳಿಸಿದ ಪದ್ಮಚರಣ್, ಎಚ್.ಕೆ. ನಾರಾಯಣ ಅವರಂತಹವರ ಹೆಸರನ್ನೇ ಇಂದಿನ ಮಕ್ಕಳು ಹೇಳಲಾರರು. ಹೀಗಿರುವಾಗ ತಾಲ್ಲೂಕು ಕೇಂದ್ರದ ಸಂಗೀತದ ಮೇಷ್ಟ್ರ ಪಾಡೇನು?

ನಿಜವಾದ ದೋಷ ನಮ್ಮ ರೂಢಿಯಲ್ಲಿದೆ. ವೇದಿಕೆಯ ಮೇಲೆ ಗಾಯಕರ ಹೆಸರನ್ನು ಎರಡು ಬಾರಿ ಹೇಳುತ್ತಾರೆ. ಕವಿಯ ಹೆಸರು ಅದೃಷ್ಟವಿದ್ದರೆ ಒಮ್ಮೆ ಬರುತ್ತದೆ. ರಾಗ ಸಂಯೋಜಿಸಿದವರದು ಬರುವುದೇ ಇಲ್ಲ. ಪುಟ್ಟಣ್ಣ ಕಣಗಾಲರ 'ಶರಪಂಜರ'ದಲ್ಲಿ ಬೇಂದ್ರೆಯವರ ಕವಿತೆಯೊಂದು ಹಾಡಾಗಿದೆ. ಅದಕ್ಕೆ ಸಂಗೀತ ನೀಡಿದವರು ವಿಜಯಭಾಸ್ಕರ್. ಆ ಹಾಡನ್ನು ಗುನುಗುವವರನ್ನು ಕೇಳಿ ನೋಡಿ. ಬೇಂದ್ರೆಯವರದು ಎನ್ನುವವರು ಕೆಲವರು, ವಿಜಯಭಾಸ್ಕರರದು ಎನ್ನುವವರು ಇನ್ನೂ ಕಡಿಮೆ.

ಕಾನೂನು ಕೂಡ ಇಲ್ಲಿ ಪೂರ್ತಿ ನೆರವಿಗೆ ಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ಸೇರಿಸಿದ 52ಎ ಪ್ರಕರಣದ ಪ್ರಕಾರ ಧ್ವನಿಮುದ್ರಿಕೆಯ ಮೇಲೆ ಅದನ್ನು ತಯಾರಿಸಿದವರ ಹಾಗೂ ಹಕ್ಕುದಾರರ ಹೆಸರು, ವಿಳಾಸಗಳು, ಮೊದಲು ಪ್ರಕಟವಾದ ವರ್ಷ ಇರಬೇಕು. ಆ ಪಟ್ಟಿಯಲ್ಲಿ ಕವಿಯೂ ಇಲ್ಲ, ಸಂಯೋಜಕನೂ ಇಲ್ಲ! 2012ರ ತಿದ್ದುಪಡಿ ಅವರಿಬ್ಬರ ಗೌರವಧನದ ಹಕ್ಕನ್ನು ಬಲಪಡಿಸಿತು, ಸಂತೋಷ. ಆದರೆ ಧ್ವನಿಮುದ್ರಣವನ್ನೇ ಕಾಣದ ರಾಗಕ್ಕೆ ಗೌರವಧನವೆಲ್ಲಿಂದ ಬರಬೇಕು?

ರಾಗ ಹಾಕುವುದೇನು ದೊಡ್ಡ ವಿಷಯ ಎನ್ನುವವರು ನಮ್ಮ ನಾಡಗೀತೆಯ ಕಥೆಯನ್ನು ನೆನೆಯಬೇಕು. ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಅದನ್ನು ಯಾರ ಧಾಟಿಯಲ್ಲಿ ಹಾಡಬೇಕು, ಮೈಸೂರು ಅನಂತಸ್ವಾಮಿಯವರದೋ ಸಿ. ಅಶ್ವತ್ಥರದೋ ಎಂಬ ಚರ್ಚೆ ಮುಗಿದು, ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡತಕ್ಕದ್ದೆಂದು ಸರಕಾರದ ಆದೇಶ ಹೊರಟದ್ದು 2022ರಲ್ಲಿ. ಹದಿನೆಂಟು ವರ್ಷ! ಅಷ್ಟು ಹೊತ್ತಿಗೆ ಇಬ್ಬರು ಸಂಯೋಜಕರೂ ತೀರಿಕೊಂಡಿದ್ದರು. ಒಂದು ನಾಡು ಹದಿನೆಂಟು ವರ್ಷ ವಾದಿಸುವಷ್ಟು ರಾಗಕ್ಕೆ ಬೆಲೆಯಿದೆಯೆಂದಾದರೆ, ಅದನ್ನು ಕಟ್ಟಿದವರ ಹೆಸರು ಹೇಳುವ ಅರ್ಧ ನಿಮಿಷ ನಮ್ಮಲ್ಲಿ ಏಕಿಲ್ಲ?

ಇದು ಹೆಸರಿನ ಪ್ರಶ್ನೆ ಮಾತ್ರವಲ್ಲ, ವಿದ್ಯೆಯ ಪ್ರಶ್ನೆಯೂ ಹೌದು. ಮೂರನೆಯ ಕಂತಿನಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರು ಪದವನ್ನು ತಾಳಕ್ಕೆ ಕೂರಿಸುವ ಬಗೆಯನ್ನು ವಿವರಿಸಿದ್ದಾರೆ. "'ಮನೆಯಲ್ಲಿಲ್ಲ' ಎಂಬ ಮಾತಿದೆ ಎಂದಿಟ್ಟುಕೊಳ್ಳಿ ಸ್ವಾಮಿ, 'ಮನೆಯಲ್ಲಿ' ಎಂದು ಎಳೆದು ಉಸಿರು ತೆಗೆದುಕೊಂಡರೆ, ಕೇಳುವವನು ಅರ್ಧ ಆವರ್ತನದಷ್ಟು ಹೊತ್ತು ಆತ ಮನೆಯಲ್ಲೇ ಇದ್ದಾನೆಂದು ನಂಬುತ್ತಾನೆ. ಕವಿ ಇಲ್ಲವೆಂದದ್ದನ್ನು ನಾನು ಇದೆ ಎನ್ನಿಸಿದ ಹಾಗಾಯಿತು," ಎಂದರು. ಐದೈದು ಮಾತ್ರೆಯ ಪದ್ಯವೊಂದನ್ನು ಮೊದಲು ಆದಿತಾಳಕ್ಕೆ ಕೂರಿಸಲು ಹೋಗಿ ಪದಗಳು ಮುರಿದಾಗ, ಖಂಡಛಾಪಿಗೆ ತಿರುಗಿಸಿದ್ದನ್ನು ಬೆರಳೆಣಿಸಿ ತೋರಿಸಿದರು. ಭಾಮಿನಿ ಷಟ್ಪದಿಯ ಮೂರು-ನಾಲ್ಕರ ನಡೆಗೆ ಏಳರ ಮಿಶ್ರಛಾಪು ಹೇಗೆ ತಾನಾಗಿ ಒದಗುತ್ತದೆ ಎಂಬುದನ್ನು ತೊಡೆಯ ಮೇಲೆ ತಟ್ಟಿಯೇ ಹಾಡಿದರು. ಛಂದಸ್ಸನ್ನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಪ್ರಸ್ತಾರ ಹಾಕಿ ಕಲಿಸಿದ ನನಗೆ, ಅದು ಉಸಿರಿನ ವಿಷಯವೆಂಬುದು ಅಂದು ತಿಳಿಯಿತು. ಈ ಪಾಠ ಕುಕ್ಕರಿನ ಸೀಟಿಯ ನಡುವೆ ಕೇಳಿಸಿದರೆ ಅದರ ಬೆಲೆ ಕಡಿಮೆಯಾಗುತ್ತದೆಯೇ?

ಇಷ್ಟು ಹೊತ್ತು ಅನ್ಯರನ್ನು ದೂರಿದ್ದಾಯಿತು. ಈಗ ಅಪರಾಧಿಗಳ ಸಾಲಿನಲ್ಲಿ ನಾನೂ ನಿಲ್ಲಬೇಕು.

ನಮ್ಮ ಶಾಲೆಯ ಸಂಗೀತದ ಮೇಷ್ಟ್ರು ನಿಮಗೆಲ್ಲ ನೆನಪಿರಬೇಕು. ಬಿಳಿಯ ಪಂಚೆ, ಮಾಸಲು ಕೋಟು, ಒಂದು ಮನೆ ಅಪಸ್ವರ ನುಡಿಯುತ್ತಿದ್ದ ಹಾರ್ಮೋನಿಯಂ. ಪ್ರತಿ ವಾರ್ಷಿಕೋತ್ಸವಕ್ಕೂ ಅವರು ಹೊಸ ರಾಗ ಕಟ್ಟುತ್ತಿದ್ದರು. ನಿರೂಪಣೆಯ ಹೊಣೆ ನನ್ನದು. "ಈಗ ಕುವೆಂಪು ವಿರಚಿತ ಗೀತೆ, ಹಾಡುವವರು ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯರು" ಎಂದು ಧ್ವನಿವರ್ಧಕದ ಮುಂದೆ ಠೀವಿಯಿಂದ ಹೇಳುತ್ತಿದ್ದೆ. ಪರದೆಯ ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಕುಳಿತವರ ಹೆಸರನ್ನು ಒಂದು ವರ್ಷವೂ ಹೇಳಲಿಲ್ಲ. ಅವರೂ ಕೇಳಲಿಲ್ಲ. ಅವರು ತೀರಿಕೊಂಡು ಬಹಳ ವರ್ಷಗಳಾದವು. ಅವರ ಧ್ವನಿಯ ಒಂದು ನಿಮಿಷದ ಮುದ್ರಣವೂ ಯಾರಲ್ಲಿಯೂ ಇಲ್ಲ. ಅವರ ಮನೆಗೆ ಹೋಗಿ ವಿಚಾರಿಸಿದೆ. ಸ್ವರಪ್ರಸ್ತಾರದ ಪುಸ್ತಕವಿತ್ತಂತೆ, ಮನೆ ಬದಲಿಸುವಾಗ ಹಳೆಯ ಕಾಗದದೊಡನೆ ಹೋಯಿತಂತೆ.

ಪಾಡ್‌ಕಾಸ್ಟ್ ಏಕೆಂದು ಕೇಳಿದ ಬಂಧುವಿಗೆ ನನ್ನ ಉತ್ತರ ಇದೇ. ಕೇಳುಗರ ಸಂಖ್ಯೆಗಾಗಿ ನಾನು ಇದನ್ನು ಮಾಡುತ್ತಿಲ್ಲ. ಬದುಕಿರುವವರ ವಿಷಯದಲ್ಲಾದರೂ ಈ ತಪ್ಪು ಮರುಕಳಿಸದಿರಲಿ ಎಂದು ಮಾಡುತ್ತಿದ್ದೇನೆ. ಪುಸ್ತಕ ಹೋಯಿತು, ಪೆಟ್ಟಿಗೆ ಹೋಯಿತು. ಆದರೆ ಆ ರಾಗಗಳು ಒಂದೆಡೆ ಇನ್ನೂ ಉಳಿದಿವೆ, ನಿಮ್ಮ ಕೊರಳಲ್ಲಿ. ಮೈಸೂರಿನಲ್ಲಿರಲಿ, ಮಸ್ಕತ್ತಿನಲ್ಲಿರಲಿ, ವಾರ್ಷಿಕೋತ್ಸವದ ವೇದಿಕೆಯಲ್ಲಿ ಅಂದು ಹಾಡಿದವರು ನೀವು.

ಆದುದರಿಂದ ಬಹಳ ಕಾಲದ ಮೇಲೆ ನಿಮಗೊಂದು ಮನೆಪಾಠ ಕೊಡುತ್ತಿದ್ದೇನೆ. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಮೊಬೈಲನ್ನು ಬಾಯಿಂದ ಒಂದು ಗೇಣು ದೂರದಲ್ಲಿಟ್ಟುಕೊಂಡು, ನೆನಪಿರುವಷ್ಟು ಹಾಡಿ ಕಳುಹಿಸಿ. ಒಂದು ಸಾಲಾದರೂ ಸರಿ, ಶ್ರುತಿ ತಪ್ಪಿದರೂ ಸರಿ. ಒಬ್ಬರು ಮರೆತ ಸಾಲು ಇನ್ನೊಬ್ಬರಲ್ಲಿರಬಹುದು. ಕೂಡಿಸಿ ಹೊಲಿದು ಆರನೆಯ ಕಂತು ಮಾಡುತ್ತೇನೆ.

ಮೇಷ್ಟ್ರ ಹೆಸರನ್ನು ನಾನು ಬೇಕೆಂದೇ ಇಲ್ಲಿ ಬರೆದಿಲ್ಲ. ಅದು ನಿಮಗೆ ನೆನಪಿದೆಯೇ ಎಂದು ತಿಳಿಯುವ ಆಸೆ. ಹಾಡುವ ಮುನ್ನ ಆ ಹೆಸರನ್ನು ಗಟ್ಟಿಯಾಗಿ ಹೇಳಿ. ನಾನು ಹೇಳದೆ ಬಿಟ್ಟದ್ದನ್ನು ನೀವಾದರೂ ಹೇಳಿದಂತಾಗಲಿ.