ಹೆಬ್ಬಾವಿನ ಮೊಟ್ಟೆಗೆ ನಮ್ಮ ಪೆಟ್ಟಿಗೆ ಬೇಡ



ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚ್ ಮೈದಾನದಲ್ಲಿ ನಮ್ಮ ಕೆಲವು ಹುಡುಗರು ಮೊಬೈಲಿನಲ್ಲಿ ವಿಡಿಯೋ ನೋಡುತ್ತಿದ್ದರು. ಹೊರದೇಶದ ಒಬ್ಬರು ತಾವು ಸಾಕಿದ ಬಾಲ್ ಪೈಥಾನಿನ ಮೊಟ್ಟೆಗಳನ್ನು ಮನೆಯಲ್ಲೇ ಪೆಟ್ಟಿಗೆಯಲ್ಲಿಟ್ಟು ಮರಿ ಮಾಡಿಸಿದ್ದರು. "ತೋಟದಲ್ಲಿ ಸಿಕ್ಕಿದರೆ ನಾವೂ ಮಾಡಬಹುದಲ್ಲ? ನಮ್ಮಲ್ಲಿ ಕೋಳಿ ಮೊಟ್ಟೆಯ ಇನ್‌ಕ್ಯುಬೇಟರ್ ಉಂಟು" ಎಂದ ಒಬ್ಬ. ನಮಗೆ ನಗು ಬರಲಿಲ್ಲ. ಆ ತಪ್ಪನ್ನು ನಾವೇ ಒಮ್ಮೆ ಮಾಡಿದ್ದೇವೆ.

ಕೆಲವು ವರ್ಷಗಳ ಹಿಂದಿನ ಮಾತು. ಅಡಿಕೆ ತೋಟದ ಬದಿಯಲ್ಲಿ ಕೆಂಪುಕಲ್ಲಿನ ರಾಶಿ ತೆಗೆಯುವಾಗ ಹೆಬ್ಬಾವಿನ ಮೊಟ್ಟೆಗಳು ಕಂಡವು. ಗದ್ದಲಕ್ಕೆ ತಾಯಿ ಹಾವು ಸರಿದುಹೋಗಿತ್ತು. ಪಾಪ ಎಂದುಕೊಂಡು ಮೊಟ್ಟೆಗಳನ್ನು ಬಕೆಟಿನಲ್ಲಿ ತಂದು, ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಬಲ್ಬ್ ಉರಿಸಿದೆವು. ದಿನಕ್ಕೆರಡು ಸಲ ಮಗುಚಿ ಹಾಕಿದೆವು. ಕೆಲವು ಕುಗ್ಗಿದವು, ಉಳಿದವಕ್ಕೆ ಬೂಷ್ಟು ಹಿಡಿಯಿತು. ಒಂದೂ ಮರಿಯಾಗಲಿಲ್ಲ. ಅರಣ್ಯ ಇಲಾಖೆಗೆ ಹೇಳಲು ಹೆದರಿ, ಗುಂಡಿ ತೋಡಿ ಹೂಳಿದೆವು.

ನಮ್ಮ ಉದ್ದೇಶ ಒಳ್ಳೆಯದೇ ಇತ್ತು. ತಿಳಿವಳಿಕೆ ಇರಲಿಲ್ಲ. ಕೋಳಿ ಮೊಟ್ಟೆಯನ್ನು ಮಗುಚದಿದ್ದರೆ ಕೆಡುತ್ತದೆ, ಹಾವಿನ ಮೊಟ್ಟೆ ಮಗುಚಿದರೆ ಕೆಡುತ್ತದೆ. ಇಟ್ಟ ಸ್ವಲ್ಪ ಹೊತ್ತಿನಲ್ಲೇ ಭ್ರೂಣ ಮೊಟ್ಟೆಯ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಆಮೇಲೆ ತಿರುಗಿಸಿದರೆ ಅದು ಸಾಯಬಹುದು. ಅದಕ್ಕೇ ಬಾಲ್ ಪೈಥಾನ್ ಸಾಕುವವರು ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕುತ್ತಾರೆ. 31–32 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಏರುಪೇರಿಲ್ಲದೆ ಸುಮಾರು ಎರಡು ತಿಂಗಳು ಕಾಯುತ್ತಾರೆ, ತೇವ ಆರದಂತೆ ನೋಡಿಕೊಳ್ಳುತ್ತಾರೆ. ಮರಿ ಸಿಪ್ಪೆ ಸೀಳಿ ತಲೆ ಹೊರಹಾಕಿದರೂ ಎಳೆಯುವುದಿಲ್ಲ. ಉಳಿದ ಹಳದಿ ಭಾಗವನ್ನು ಹೀರಿಕೊಳ್ಳಲು ಅದಕ್ಕೆ ಇನ್ನೂ ಒಂದೆರಡು ದಿನ ಬೇಕು.

ನಮ್ಮ ಹೆಬ್ಬಾವು ಇದೆಲ್ಲವನ್ನೂ ತಾನೇ ಮಾಡುತ್ತದೆ. ಮೊಟ್ಟೆಗಳನ್ನು ಸುತ್ತಿ ಮಲಗುತ್ತದೆ, ತಂಪಾದರೆ ಮೈಯ ಸ್ನಾಯುಗಳನ್ನು ನಡುಗಿಸಿ ಬಿಸಿ ಕೊಡುತ್ತದೆ. ಇಂಥ ತಾಯಿಯನ್ನು ಓಡಿಸಿ ನಾವು ಬಲ್ಬ್ ಉರಿಸುವುದರಲ್ಲಿ ಅರ್ಥವಿಲ್ಲ.

ಕಾನೂನೂ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೇ ಅನುಸೂಚಿಯಲ್ಲಿ ಹೆಬ್ಬಾವು ಇದೆ. ಅದನ್ನು ಸಾಕುವ ಹಾಗಿಲ್ಲ. ಮೊಟ್ಟೆಯನ್ನು ಹಾಳುಮಾಡುವುದನ್ನೂ ಅಲುಗಿಸುವುದನ್ನೂ ಆ ಕಾಯಿದೆ ಬೇಟೆಯೆಂದೇ ಎಣಿಸುತ್ತದೆ. ಆಫ್ರಿಕಾದ ಬಾಲ್ ಪೈಥಾನ್ ಇಟ್ಟುಕೊಂಡವರೂ 2024ರ ನಿಯಮದಂತೆ ಪರಿವೇಷ್ ಪೋರ್ಟಲಿನಲ್ಲಿ ನೋಂದಾಯಿಸಬೇಕು, ಮರಿ ಹುಟ್ಟಿದರೂ ತಿಳಿಸಬೇಕು.

ಕಾಯುವುದು ಹೇಗೆಂದು ನಮ್ಮ ಕಾಸರಗೋಡಿನಲ್ಲೇ ಕಂಡಿದ್ದೇವೆ. 2022ರಲ್ಲಿ ಸಿಪಿಸಿಆರ್‌ಐ ಬಳಿ ಹೆದ್ದಾರಿ ಅಗಲಗೊಳಿಸುವಾಗ ಮಾಟೆಯೊಂದರಲ್ಲಿ ಹೆಬ್ಬಾವೂ 24 ಮೊಟ್ಟೆಗಳೂ ಸಿಕ್ಕಿದವು. ಗುತ್ತಿಗೆ ಹಿಡಿದಿದ್ದ ಊರಾಳುಂಗಲ್ ಸೊಸೈಟಿಯವರು ಆ ಜಾಗದ ಕೆಲಸವನ್ನು 54 ದಿನ ನಿಲ್ಲಿಸಿದರು. ಮೊಟ್ಟೆ ಬಿರಿಯತೊಡಗಿದ ಮೇಲೆಯೇ ಬಲ್ಲವರು ಅವನ್ನು ಹೊರತೆಗೆದರು. ಹೆದ್ದಾರಿಯ ಕೆಲಸವೇ ಕಾಯಿತು ಎಂದರೆ, ನಮ್ಮ ಕಲ್ಲಿನ ರಾಶಿ ಎರಡು ತಿಂಗಳು ಕಾಯಲಾರದೇ?

"ಗೂಡಿನ ಕೋಳಿ ನುಂಗಿದರೆ ಯಾರು ಕೊಡುತ್ತಾರೆ?" ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕೋಳಿ ಸಾಕಿ ಮನೆಖರ್ಚು ತೂಗಿಸುವ ಅಮ್ಮಂದಿರಿಗೆ ಆ ನಷ್ಟ ಸಣ್ಣದಲ್ಲ. ಗೂಡಿಗೆ ಸಣ್ಣ ಕಣ್ಣಿನ ಬಲೆ ಹೊಡೆಯಲು ನಮ್ಮ ಯುವಕರು ಒಂದು ಶನಿವಾರ ಕೊಡಬಹುದು. ಆದರೆ ಹೆಬ್ಬಾವಿಗೆ ವಿಷವಿಲ್ಲ, ತೋಟದ ಇಲಿ ಹೆಗ್ಗಣಗಳನ್ನೂ ಅದು ತಿನ್ನುತ್ತದೆ ಎಂಬುದು ನೆನಪಿರಲಿ.

ಮೊಟ್ಟೆ ಕಂಡರೆ ಕೆಲಸ ನಿಲ್ಲಿಸಿ. ಮಕ್ಕಳನ್ನೂ ನಾಯಿಯನ್ನೂ ದೂರವಿಡಿ. ಮುಟ್ಟಬೇಡಿ, ಸೆಲ್ಫಿಗೆ ಹತ್ತಿರ ಹೋಗಬೇಡಿ. ಅರಣ್ಯ ಇಲಾಖೆಗೆ ಕರೆ ಮಾಡಿ, ಇಲ್ಲವೇ ಕೇರಳ ಅರಣ್ಯ ಇಲಾಖೆಯ 'ಸರ್ಪ' ಆ್ಯಪ್ ತೆರೆಯಿರಿ. ತರಬೇತಿ ಪಡೆದವರು ಬರುತ್ತಾರೆ. ಅಲ್ಲೇ ಬಿಡಬೇಕೋ ಸಾಗಿಸಬೇಕೋ ಎಂದು ಅವರೇ ತೀರ್ಮಾನಿಸಲಿ.

ಹಿರಿಯರಲ್ಲಿ ಒಂದು ವಿನಂತಿ: ಮಕ್ಕಳು ಬಂದು ಹೇಳಿದಾಗ "ನಮಗ್ಯಾಕೆ ಕೇಸಿನ ಗೋಜು" ಎಂದು ಬಾಯಿ ಮುಚ್ಚಿಸಬೇಡಿ. ಅಂದು ನಮಗೆ ಒಬ್ಬರಾದರೂ "ಫೋನ್ ಮಾಡಿ ಮಕ್ಕಳೇ" ಎಂದಿದ್ದರೆ ಆ ಗುಂಡಿ ತೋಡಬೇಕಾಗಿರಲಿಲ್ಲ.